ಕಿವಿ ಜೋಪಾನ, ಮೇನೇಜರ್ ಗಾರೂ

1997ರ ಜೂನ್ ತಿಂಗಳ ಕೊನೆಯ ಸೋಮವಾರ. ನಾನಾಗ ವಿಜಯವಾಡದ ಶಾಖೆಯಲ್ಲಿದ್ದೆ. ಬ್ಯಾಂಕಿನ ಸ್ಟ್ರಾಂಗ್ ರೂಮಿಗೆ ಎರಡು ಕೀಲಿ. ಒಂದು ಹೆಡ್ ಕ್ಯಾಷಿಯರ್ ಹತ್ತಿರ, ಇನ್ನೊಂದು ನನ್ನ ಹತ್ತಿರ. ಇಬ್ಬರೂ ಹೋಗದೆ ಬಾಗಿಲು ತೆಗೆಯೋ ಹಾಗಿಲ್ಲ. ಜಾಯಿಂಟ್ ಕಸ್ಟಡಿ ಅಂತಾರೆ. ನಾನು ಬಗ್ಗಿ ನನ್ನ ಕೀಲಿ ತಿರುಗಿಸುತ್ತಿದ್ದಾಗ ಆ ಪುಣ್ಯಾತ್ಮ ಹಿಂದಿನಿಂದ ಹತ್ತಿರ ಬಂದು, ಬಹಳ ಗಂಭೀರವಾಗಿ, "ಚೆವಿ ಜಾಗ್ರತ್ತಂಡೀ, ಮೇನೇಜರ್ ಗಾರೂ" ಅಂದರು. ಕಿವಿ ಜೋಪಾನ ಅಂತ.

ಹಿಂದಿನ ದಿನವಷ್ಟೇ ಲಾಸ್ ವೇಗಸ್ಸಿನಿಂದ ಸುದ್ದಿ ಬಂದಿತ್ತು, ಮೈಕ್ ಟೈಸನ್ ಹೋಲಿಫೀಲ್ಡನ ಕಿವಿ ಕಚ್ಚಿದನೆಂದು. ನಮ್ಮ ಶಾಖೆಯ ಹದಿನೇಳು ಜನರಲ್ಲಿ ಒಬ್ಬರೂ ಬಾಕ್ಸಿಂಗ್ ಪಂದ್ಯವನ್ನು ಎದುರು ಕೂತು ನೋಡಿದವರಲ್ಲ. ಆದರೂ ಆ ವಾರವೆಲ್ಲ ಕಿವಿಯದೇ ಮಾತು. ಚಿನ್ನದ ಸಾಲಕ್ಕೆ ಓಲೆ ತಂದಿದ್ದ ಅಜ್ಜಿಗೂ ನಮ್ಮ ಕ್ಯಾಷಿಯರ್ ಬಿಡಲಿಲ್ಲ, "ಓಲೆ ಕೊಡಮ್ಮಾ ಸಾಕು, ಕಿವಿ ನೀನೇ ಇಟ್ಟುಕೋ" ಅಂದರು. ಅಜ್ಜಿಗೆ ಟೈಸನ್ ಯಾರೆಂದು ಗೊತ್ತಿಲ್ಲ. ಆದರೆ ಬ್ಯಾಂಕಿನವರು ನಗುನಗುತ್ತಾ ಮಾತಾಡಿಸಿದರಲ್ಲ, ಅಷ್ಟಕ್ಕೇ ಖುಷಿಯಾಗಿ ಹೋದಳು.

ಆಟದ ವಿಮರ್ಶೆಯನ್ನು ಪತ್ರಿಕೆಗಳಲ್ಲಿ ಎಷ್ಟೋ ಜನ ಬರೆದಿದ್ದಾರೆ. ಆಟ ನೋಡುವವರು ಆಡುವ ಮಾತಿನ ವಿಮರ್ಶೆ ಯಾಕೆ ಯಾರೂ ಬರೆಯೋದಿಲ್ಲ? ತೆಲುಗಿನವರು ಅದನ್ನು 'ವೇಳಾಕೋಳಂ' ಅಂತಾರೆ. ನಾವು ಗೇಲಿ, ಲೇವಡಿ, ಕಾಲೆಳೆಯೋದು ಅಂತೀವಿ. ಎರಡು ಅವಧಿ ಸೇರಿ ಏಳು ವರ್ಷ ನಾನು ಆಂಧ್ರದಲ್ಲಿ ಉಳಿದದ್ದು ಹೆಚ್ಚುಕಡಿಮೆ ಈ ಮಾತಿನ ಬಲದಿಂದ. ಹಾಗಾಗಿ ಅದರ ಗುಣದೋಷ ಹೇಳುವ ಸ್ವಲ್ಪ ಅಧಿಕಾರ ನನಗಿದೆ ಅಂದುಕೊಂಡಿದ್ದೇನೆ.

ಹೊರಗಿನಿಂದ ಬಂದ ಅಧಿಕಾರಿಗೆ ಮರ್ಯಾದೆ ಮೊದಲ ದಿನವೇ ಸಿಗುತ್ತದೆ. ಎದ್ದು ನಿಲ್ತಾರೆ, ಕಾಫಿ ತರಿಸ್ತಾರೆ, 'ಅಂಡೀ' ಸೇರಿಸಿ ಮಾತಾಡ್ತಾರೆ. ಮರ್ಯಾದೆ ಇರೋ ತನಕ ನೀವು ಪರಕೀಯರೇ. ಯಾರಾದರೂ ಮೊದಲ ಸಲ ನಿಮ್ಮ ಕಾಲೆಳೆದರು ಅಂದರೆ ನಿಮ್ಮನ್ನು ಒಳಗೆ ಬಿಟ್ಟುಕೊಂಡರು ಅಂತ ಅರ್ಥ. ನನಗೆ ಅದಾಗಲು ಎಂಟು ತಿಂಗಳು ಹಿಡಿಯಿತು. ನಾನು ಅಲ್ಲಿಗೆ ಹೋದದ್ದು 1996ರಲ್ಲಿ. ಆಲಮಟ್ಟಿ ಅಣೆಕಟ್ಟಿನ ಎತ್ತರದ ಗಲಾಟೆ ಜೋರಾಗಿದ್ದ ವರ್ಷ. ದೆಹಲಿಯಲ್ಲಿ ನಮ್ಮ ದೇವೇಗೌಡರು ಪ್ರಧಾನಿ, ಅವರ ರಂಗದ ಮುಂದಾಳುಗಳಲ್ಲಿ ಒಬ್ಬರಾದ ಚಂದ್ರಬಾಬು ನಾಯ್ಡು ಹೈದರಾಬಾದಿನಲ್ಲಿ ಮುಖ್ಯಮಂತ್ರಿ. ಪ್ರಕಾಶಂ ಬ್ಯಾರೇಜಿನ ಮೇಲೆ ಸಂಜೆ ಅಡ್ಡಾಡುವಾಗ ಕೆಳಗೆ ಮರಳು ಕಂಡರೆ ಸಹೋದ್ಯೋಗಿಗಳು ನನ್ನ ಮುಖ ನೋಡೋರು. ಕೃಷ್ಣೆಯ ನೀರನ್ನು ನಾನೇ ದಾವಣಗೆರೆಯಲ್ಲಿ ಹಿತ್ತಲ ತೊಟ್ಟಿಗೆ ತುಂಬಿಸಿಕೊಂಡು ಬಂದಿದ್ದೇನೆ ಅನ್ನೋ ಹಾಗೆ. (ದಾವಣಗೆರೆಗೆ ಬರೋದು ಭದ್ರೆ ಅಂತ ಎಷ್ಟು ಹೇಳಿದರೂ ಪ್ರಯೋಜನವಿರಲಿಲ್ಲ.) 2000ದಲ್ಲಿ ಸುಪ್ರೀಂ ಕೋರ್ಟು 519.6 ಮೀಟರಿಗೆ ಒಪ್ಪಿಗೆ ಕೊಟ್ಟಿತು, ಆ ಮಾತು ಬೇರೆ. ಆದರೆ ಆಗ ನೀರಿನ ವಿಷಯ ಎತ್ತಿದರೆ ಎರಡನೇ ವಾಕ್ಯಕ್ಕೇ ಗಂಟಲು ಗಟ್ಟಿಯಾಗುತ್ತಿತ್ತು. ಅವರಿಗೂ ಗೊತ್ತು, ನನಗೂ ಗೊತ್ತು. ಜಗಳ ಎಲ್ಲಿಯಾದರೂ ಆಡಲೇಬೇಕಲ್ಲ, ಅದಕ್ಕೆ ಹಾಕಿ ಸಿಕ್ಕಿತು.

"ಮೀ ಕೂರ್ಗ್ ವಾಳ್ಳು ಲೇಕಪೋತೇ ಇಂಡಿಯಾಕು ಹಾಕೀ ಲೇದಾಂಡೀ?" ಅಂತ ಶುರು ಮಾಡೋರು. ನಿಮ್ಮ ಕೊಡಗಿನವರಿಲ್ಲದಿದ್ದರೆ ಇಂಡಿಯಾಕ್ಕೆ ಹಾಕಿಯೇ ಇಲ್ಲವೇನ್ರೀ ಅಂತ. ಅಲ್ಲಿಗೆ ನಾನು ಕೊಡಗಿನ ವಕೀಲನಾದೆ. ಎಂ.ಪಿ. ಗಣೇಶ್ 1973ರ ವಿಶ್ವಕಪ್ಪಿಗೆ ನಾಯಕ, ಗೋವಿಂದ 1975ರಲ್ಲಿ ಕಪ್ಪು ಗೆದ್ದ ತಂಡದಲ್ಲಿ, ಸೋಮಯ್ಯ ಮಾಸ್ಕೋ ಚಿನ್ನದ ತಂಡದಲ್ಲಿ. ಎಲ್ಲವನ್ನೂ ಲೆಡ್ಜರ್ ಓದಿದ ಹಾಗೆ ಓದುತ್ತಿದ್ದೆ. ನಿಜ ಹೇಳಬೇಕೆಂದರೆ ಆವರೆಗೆ ನಾನು ಕೊಡಗಿನ ನೆಲ ತುಳಿದಿರಲಿಲ್ಲ, ಹಾಕಿ ಸ್ಟಿಕ್ಕು ಹಿಡಿದಿರಲಿಲ್ಲ. ದಾವಣಗೆರೆ ಹುಡುಗನಿಗೆ ಕುಸ್ತಿ ಗೊತ್ತು, ಖೋಖೋ ಗೊತ್ತು. ಊರು ಬಿಟ್ಟ ಮೇಲೆ ಇಡೀ ಕರ್ನಾಟಕ ನಮ್ಮ ಸ್ವಂತ ಆಸ್ತಿಯಾಗಿಬಿಡುತ್ತದೆ ನೋಡಿ, ದಾಖಲೆ ಪತ್ರ ಯಾರೂ ಕೇಳೋದಿಲ್ಲ.

1998ರ ಡಿಸೆಂಬರಿನಲ್ಲಿ ಬ್ಯಾಂಕಾಕ್ ಏಷ್ಯನ್ ಕ್ರೀಡಾಕೂಟದ ಫೈನಲ್ಲಿನಲ್ಲಿ ಬೆಂಗಳೂರಿನ ಗೋಲಿ ಆಶಿಶ್ ಬಲ್ಲಾಳ್ ಕೊರಿಯಾದವರ ಪೆನಾಲ್ಟಿ ಸ್ಟ್ರೋಕುಗಳನ್ನು ತಡೆದು ಚಿನ್ನ ತಂದರು. 1966ರ ನಂತರ ಏಷ್ಯಾಡ್ ಹಾಕಿಯಲ್ಲಿ ನಮಗೆ ಚಿನ್ನ ಬಂದಿರಲಿಲ್ಲ. ಸೋಮವಾರ ನಾನು ಬ್ಯಾಂಕಿಗೆ ಹೋದ ಗತ್ತೇ ಬೇರೆ. ಕ್ಯಾಷಿಯರ್ ಎದ್ದು ಕೈಮುಗಿದು, "ಈವತ್ತು ಸೇಫ್ ಹತ್ತಿರ ನೀವೇ ನಿಲ್ಲಬೇಕು, ಒಂದು ಪೈಸೆ ಒಳಗೆ ಹೋಗಲ್ಲ, ಹೊರಗೂ ಬರಲ್ಲ" ಅಂದರು. ಕೆಲವೇ ವಾರಗಳಲ್ಲಿ ನಾಯಕ ಧನರಾಜ್ ಪಿಳ್ಳೈ, ಬಲ್ಲಾಳ್ ಸೇರಿದಂತೆ ಕೆಲವರನ್ನು ತಂಡದಿಂದ ಕೈಬಿಟ್ಟ ಸುದ್ದಿ ಬಂತು. ಆ ದಿನ ಯಾರೂ ಗೇಲಿ ಮಾಡಲಿಲ್ಲ. ಟ್ರಾನ್ಸ್‌ಫರ್, ಪ್ರಮೋಷನ್ ಅಂತ ಬದುಕುವ ಜನಕ್ಕೆ ಇಂಥದ್ದು ಬೇಗ ಅರ್ಥವಾಗುತ್ತದೆ. ಕ್ಯಾಷಿಯರ್ ಮಾತ್ರ ಕಾಫಿ ತರಿಸಿ ದುಡ್ಡು ತಾವೇ ಕೊಟ್ಟರು.

ಹಾಕಿಯ ಮಾತು ಬಂದಾಗಲೇ ಒಂದು ವಿಷಯ ಹೇಳಿಬಿಡ್ತೀನಿ. ನಾನು ವಿಜಯವಾಡದಲ್ಲಿ ಕೊಡಗಿನ ವಕಾಲತ್ತು ಮಾಡುತ್ತಿದ್ದ ದಿನಗಳಲ್ಲೇ, 1997ರಲ್ಲಿ, ಕೊಡಗಿನ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಕೊಡವ ಕುಟುಂಬಗಳ ಹಾಕಿ ಪಂದ್ಯಾವಳಿ ಆರಂಭಿಸಿದ್ದರು. ಅವರೂ ಬ್ಯಾಂಕಿನವರೇ. ಮೊದಲ ವರ್ಷ 60 ಕುಟುಂಬಗಳ ತಂಡ. ನನಗದು ಗೊತ್ತೇ ಇರಲಿಲ್ಲ. ನಿವೃತ್ತನಾಗಿ, ಮಂಡಿನೋವು ಶುರುವಾಗಿ, 2024ರ ಏಪ್ರಿಲ್‌ನಲ್ಲಿ ನಾಪೋಕ್ಲುವಿಗೆ ಹೋದೆ. ಆ ವರ್ಷ 360 ತಂಡ. ಗಂಡಸರು, ಹೆಂಗಸರು, ಮಕ್ಕಳು ಒಂದೇ ತಂಡದಲ್ಲಿ ಓಡುತ್ತಿದ್ದರು. ಪಕ್ಕದಲ್ಲಿ ಕೂತಿದ್ದ ಒಬ್ಬ ವಯಸ್ಸಾದ ಅಮ್ಮ ತನ್ನ ಅಳಿಯನನ್ನೇ ಗೇಲಿ ಮಾಡುತ್ತಿದ್ದಳು, ಮದುವೆಯ ದಿನ ಹೀಗೇ ತಡವಾಗಿ ಬಂದ, ಚೆಂಡಿಗೂ ತಡವಾಗಿ ಬರ್ತಾನೆ ಅಂತ. ನನಗೋಸ್ಕರ ಕನ್ನಡದಲ್ಲಿ ಹೇಳಿದಳು. ಅಳಿಯ ಮೈದಾನದಿಂದಲೇ ಸ್ಟಿಕ್ ಎತ್ತಿ ಅತ್ತೆಗೆ ಬೆದರಿಸಿದ. ಅಲ್ಲಿ ಗೇಲಿ ಮಾಡಿದವಳ ಮನೆಗೇ ಆಟಗಾರ ರಾತ್ರಿ ಊಟಕ್ಕೆ ಬರಬೇಕು. ನಾನು ವಿಜಯವಾಡದಲ್ಲಿ ಆಡಿದ ಹಾಕಿ ಮಾತಿನಲ್ಲಿ ಇಂಥ ಒಬ್ಬ ಅಳಿಯನೂ ಇರಲಿಲ್ಲ, ಬರೀ ವಕಾಲತ್ತು.

ಫುಟ್‌ಬಾಲಿನಲ್ಲಿ ಮಾತ್ರ ಅವರ ಕೈ ಮೇಲು. 1956ರ ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ ಭಾರತವನ್ನು ನಾಲ್ಕನೇ ಸ್ಥಾನಕ್ಕೆ, 1962ರ ಜಕಾರ್ತಾ ಏಷ್ಯಾಡಿನಲ್ಲಿ ಚಿನ್ನಕ್ಕೆ ಮುಟ್ಟಿಸಿದ ತರಬೇತುದಾರ ಎಸ್.ಎ. ರಹೀಂ ಹೈದರಾಬಾದಿನವರು. ಮೆಲ್ಬರ್ನ್ ತಂಡದಲ್ಲಿ ನಮ್ಮ ಬೆಂಗಳೂರಿನ ಕೆಂಪಯ್ಯ ಇದ್ದರು ಅಂತ ನಾನು ಹೇಳಿದರೆ, "ಇದ್ದರು, ಯಾರ ಕೈಕೆಳಗೆ ಇದ್ದರು ಹೇಳಿ" ಅಂತ ಬಾಯಿ ಮುಚ್ಚಿಸೋರು. 2014ರಲ್ಲಿ ರಾಜ್ಯ ಇಬ್ಭಾಗವಾದಾಗ ಅದೇ ಕ್ಯಾಷಿಯರ್ ಫೋನ್ ಮಾಡಿದರು. ನಿವೃತ್ತರಾಗಿ ಗುಂಟೂರಿನಲ್ಲಿದ್ದರು. ಅದೂ ಇದೂ ಮಾತಾಡಿ ಕೊನೆಗೆ, "ರಹೀಂ ಗಾರು ಕೂಡಾ ವೆಳ್ಳಿಪೋಯಾರಂಡೀ" ಅಂದರು. ರಹೀಂ ಸಾಹೇಬರೂ ಹೊರಟು ಹೋದರು ಕಣ್ರೀ ಅಂತ. ನಗುತ್ತಲೇ ಹೇಳಿದರು, ಆದರೆ ನಾನು ನಗಲಿಲ್ಲ.

ಇಷ್ಟು ಹೊಗಳಿದ ಮೇಲೆ ದೋಷಕ್ಕೆ ಬರಬೇಕು. ಅದಕ್ಕೆ ವಿಶಾಖಪಟ್ಟಣಕ್ಕೆ ಹೋಗಬೇಕು.

ನಾನು 2005ರ ಜೂನ್‌ನಲ್ಲಿ ಅಲ್ಲಿಗೆ ವರ್ಗವಾಗಿ ಹೋದಾಗ ಊರಿಗೆ ಊರೇ ಧೋನಿಯ ಗುಂಗಿನಲ್ಲಿತ್ತು. ಏಪ್ರಿಲ್ 5ರಂದು ಅಲ್ಲಿನ ಕ್ರೀಡಾಂಗಣದಲ್ಲೇ ಪಾಕಿಸ್ತಾನದ ವಿರುದ್ಧ 148 ಹೊಡೆದಿದ್ದನಲ್ಲ. ಶಾಖೆಯ ಅರ್ಧ ಜನ ತಾವು ಸ್ಟೇಡಿಯಂನಲ್ಲಿದ್ದೆವು ಅಂತ ಹೇಳುತ್ತಿದ್ದರು. ಆ ದಿನದ ಹಾಜರಿ ಪುಸ್ತಕ ನೋಡಿದರೆ ಎಲ್ಲರ ಸಹಿಯೂ ಇತ್ತು. ಈ ಒಂಬತ್ತು ವರ್ಷಗಳಲ್ಲಿ ಒಂದು ಬದಲಾವಣೆಯಾಗಿತ್ತು. ವಿಜಯವಾಡದಲ್ಲಿ ನಾವು ಪೇಪರ್ ಓದಿ ಮಾತಾಡುತ್ತಿದ್ದೆವು. ಪೇಪರಿನಲ್ಲಿ ಎರಡು ಸಾಲು ಬಂದಿದ್ದರೆ ಉಳಿದ ಇಪ್ಪತ್ತು ಸಾಲು ನಾವೇ ಹುಟ್ಟಿಸಬೇಕಿತ್ತು. ವಿಶಾಖಪಟ್ಟಣದ ಹೊತ್ತಿಗೆ ಎಲ್ಲರ ಮನೆಯಲ್ಲೂ ಕೇಬಲ್ಲು, ಸಾಲಾಗಿ ಸ್ಪೋರ್ಟ್ಸ್ ಚಾನಲ್ಲು. ರಾತ್ರಿ ಟೀವಿಯಲ್ಲಿ ಪರಿಣತರು ಆಡಿದ ಮಾತೇ ಬೆಳಿಗ್ಗೆ ಕೌಂಟರಿನ ಹಿಂದೆ ಕೇಳುತ್ತಿತ್ತು. 2006ರ ವಿಶ್ವಕಪ್ ಫೈನಲ್ಲಿನಲ್ಲಿ ಜಿದಾನ್ ತಲೆಯಿಂದ ಗುದ್ದಿದ್ದನ್ನು ಎಷ್ಟು ಸಲ ತೋರಿಸಿದರೋ ಅಷ್ಟೇ ಸಲ ನಾವೂ ಮಾತಾಡಿದೆವು, ಒಂದು ಸಲ ಹೆಚ್ಚಿಲ್ಲ.

ಟೀವಿಗೆ ಎಲ್ಲ ಆಟವೂ ಒಗ್ಗುವುದಿಲ್ಲ. ಹಾಕಿ ಚೆಂಡು ಹಳೆಯ ಟೀವಿಯಲ್ಲಿ ಕಾಣುತ್ತಲೇ ಇರಲಿಲ್ಲ; ಗೋಲಾದದ್ದು ಆಟಗಾರರು ತಬ್ಬಿಕೊಂಡಾಗ ತಿಳಿಯುತ್ತಿತ್ತು. ಫುಟ್‌ಬಾಲು ಒಗ್ಗುತ್ತದೆ, ಆದರೆ ನಮಗೆ ಅದು ಬರೋದು ಮಧ್ಯರಾತ್ರಿಗೆ, ಹೆಂಡತಿ ಬೈಯುವ ಹೊತ್ತಿಗೆ. ಎಲ್ಲಕ್ಕಿಂತ ಚೆನ್ನಾಗಿ ಒಗ್ಗಬೇಕಾದದ್ದು ಬಾಕ್ಸಿಂಗ್. ಚೌಕಟ್ಟಿನಲ್ಲಿ ಇಬ್ಬರೇ, ಮೂರು ಮೂರು ನಿಮಿಷ, ನಡುವೆ ಜಾಹೀರಾತಿಗೂ ಜಾಗ. ಟೀವಿಗೆಂದೇ ಹುಟ್ಟಿದ ಆಟ. ಹಾಗಿದ್ದೂ ನಮಗೆ ತೋರಿಸಿದ್ದು ಟೈಸನ್ನನ್ನು. ಅದೇ ಊರಿನಲ್ಲಿ ಬೆಳಿಗ್ಗೆ ಐದಕ್ಕೆ ಎದ್ದು ಬೀಚ್ ರಸ್ತೆಯಲ್ಲಿ ಓಡುತ್ತಿದ್ದ ಹುಡುಗ ಹುಡುಗಿಯರನ್ನಲ್ಲ.

ವಿಶಾಖಪಟ್ಟಣ ಬಾಕ್ಸಿಂಗಿನ ಊರು ಅಂತ ನನಗೆ ತಿಳಿದದ್ದು ನಮ್ಮ ಅಟೆಂಡರಿನಿಂದ. ದ್ರೋಣಾಚಾರ್ಯ ಪ್ರಶಸ್ತಿ ಪಡೆದ ಐ. ವೆಂಕಟೇಶ್ವರ ರಾವ್ ಅವರಂಥ ತರಬೇತುದಾರರ ಊರು ಅದು. ಅಟೆಂಡರಿನ ಎರಡನೇ ಮಗಳು ಆಗ ಒಂಬತ್ತನೇ ಕ್ಲಾಸು, ಬಾಕ್ಸಿಂಗ್ ಕಲಿಯುತ್ತಿದ್ದಳು. ಅವರ ಹೆಸರನ್ನೇ ಶಾಖೆಯಲ್ಲಿ ಮರೆತಿದ್ದರು, ಎಲ್ಲರಿಗೂ ಅವರು 'ಟೈಸನ್ ಗಾರು'. ಮಗಳು ಆಡೋ ಆಟಕ್ಕೆ ಅಪ್ಪನಿಗೆ ಬಿರುದು. ಅವರು ವೋಚರ್ ತಂದರೆ ಮುಖಕ್ಕೆ ಕೈ ಅಡ್ಡ ಹಿಡಿಯೋದು, ನೀರು ತಂದರೆ ಟವೆಲ್ ಬೀಸೋದು. ಎರಡು ವರ್ಷ ನಡೆಯಿತು. ನಾನೂ ಮಾಡಿದೆ, "ಚೆವಿ ಜಾಗ್ರತ್ತಂಡೀ" ಅನ್ನೋ ಹಳೇ ಮಾತನ್ನು ವಿಜಯವಾಡದಿಂದ ಕಟ್ಟಿಕೊಂಡು ಬಂದಿದ್ದೆನಲ್ಲ, ಅದನ್ನು ಅವರಿಗೇ ಖರ್ಚು ಮಾಡಿದೆ. ಅವರು ನಗುತ್ತಿದ್ದರು.

ಒಂದು ಸಂಜೆ ಬೀಚಿನಲ್ಲಿ ಮುರಿ ಮಿಕ್ಸ್ಚರ್ ತಿನ್ನುತ್ತಾ (ನಮ್ಮ ಖಾರಾ ಮಂಡಕ್ಕಿಯ ತಮ್ಮ ಅನ್ನಿ) ಅಟೆಂಡರ್ ನನಗೆ ಪಾಯಿಂಟು ಕೊಡುವ ಲೆಕ್ಕ ವಿವರಿಸಿದರು. ಆಗಿನ ಪದ್ಧತಿ ಅದು. ಐವರು ತೀರ್ಪುಗಾರರು, ಒಬ್ಬೊಬ್ಬರ ಕೈಯಲ್ಲಿ ಕೆಂಪು ನೀಲಿ ಎರಡು ಗುಂಡಿ. ಏಟು ಬಿದ್ದ ಒಂದು ಸೆಕೆಂಡಿನೊಳಗೆ ಮೂವರಾದರೂ ಒಂದೇ ಬಣ್ಣ ಒತ್ತಿದರೆ ಮಾತ್ರ ಪಾಯಿಂಟು. 1988ರ ಸೋಲ್ ಒಲಿಂಪಿಕ್ಸಿನಲ್ಲಿ ಅಮೆರಿಕದ ರಾಯ್ ಜೋನ್ಸ್‌ಗೆ ತೀರ್ಪಿನಲ್ಲಿ ಅನ್ಯಾಯವಾಯಿತೆಂದು ಜಗತ್ತೇ ಗಲಾಟೆ ಮಾಡಿದ ಮೇಲೆ ತಂದ ಏರ್ಪಾಡು. 1992ರಿಂದ ಇಪ್ಪತ್ತು ವರ್ಷ ಒಲಿಂಪಿಕ್ಸಿನಲ್ಲಿ ನಡೆಯಿತು. "ನಮ್ಮ ಸ್ಟ್ರಾಂಗ್ ರೂಮಿನ ಹಾಗೆ ಸಾರ್, ಒಬ್ಬರ ಕೀಲಿಯಿಂದ ಆಗಲ್ಲ" ಅಂದರು. ಎಂ.ಕಾಂ. ಮಾಡಿ, ಆಡಿಟ್ಟಿನಲ್ಲಿ ತಲೆ ನರೆಸಿದ ನನಗೆ ಹೊಳೆಯದ ಹೋಲಿಕೆ. ಆ ಮನುಷ್ಯನಿಗೆ ಎಷ್ಟು ಗೊತ್ತಿತ್ತು ಅಂತ ಅವತ್ತು ಆಶ್ಚರ್ಯವಾಯಿತು. ಮಾರನೇ ದಿನ ಮತ್ತೆ 'ಟೈಸನ್ ಗಾರು' ಅಂತಲೇ ಕರೆದೆ.

2006ರ ನವೆಂಬರ್. 22ರಂದು ದರ್ಬನ್‌ನಲ್ಲಿ ಭಾರತದ ಕ್ರಿಕೆಟ್ ತಂಡ 91ಕ್ಕೆ ಆಲೌಟ್. ಅದೇ ವಾರ ದೆಹಲಿಯಲ್ಲಿ ಮಹಿಳೆಯರ ವಿಶ್ವ ಬಾಕ್ಸಿಂಗ್ ಚಾಂಪಿಯನ್‌ಷಿಪ್ ಮುಗಿಯಿತು. ಮೇರಿ ಕೋಮ್, ಸರಿತಾ ದೇವಿ ಸೇರಿ ನಾಲ್ವರು ಭಾರತೀಯರಿಗೆ ಚಿನ್ನ, ವಿಶಾಖಪಟ್ಟಣದ ಎನ್. ಉಷಾ ಅವರಿಗೆ ಬೆಳ್ಳಿ. ನಮ್ಮ ಊರಿನ ಹೆಣ್ಣುಮಗಳು ಜಗತ್ತಿಗೇ ಎರಡನೆಯವಳಾಗಿ ಬಂದಿದ್ದಳು. ಶಾಖೆಯಲ್ಲಿ ಆ ವಾರದ ಮಾತು ಏನು? 91. ಯಾರು ಎಷ್ಟಕ್ಕೆ ಔಟಾದರು, ಗ್ರೆಗ್ ಚಾಪೆಲ್ ಏನು ಮಾಡಬೇಕು, ಗಂಗೂಲಿಯನ್ನು ಕರೆಯಬೇಕೋ ಬೇಡವೋ. ಅಟೆಂಡರ್ ಪೇಪರಿನ ಒಳಪುಟ ಮಡಿಸಿ ತಂದು ನನ್ನ ಮೇಜಿನ ಮೇಲಿಟ್ಟರು, ಉಷಾರ ಸುದ್ದಿ ಮೇಲೆ ಬರುವ ಹಾಗೆ. ನಾನು "ಭೇಷ್" ಅಂದು ಕ್ಲಿಯರಿಂಗಿನ ಚೆಕ್ಕುಗಳನ್ನು ಅದರ ಮೇಲೇ ಇಟ್ಟೆ.

ಆ ಭಾನುವಾರ, 26ರ ಸಂಜೆ, ಅವರ ಮಗಳಿಗೆ ಶಾಲಾಮಕ್ಕಳ ಪಂದ್ಯವಿತ್ತು. ನನ್ನನ್ನು ಕರೆದರು. ನಾನೊಬ್ಬನೇ ಇರುತ್ತಿದ್ದೆ, ಹೆಂಡತಿ ಮಕ್ಕಳು ದಾವಣಗೆರೆಯಲ್ಲಿ. ಸ್ಕೂಟರಿನಲ್ಲಿ ಹತ್ತು ನಿಮಿಷದ ದಾರಿ. ಬರ್ತೀನಿ ಅಂದಿದ್ದೆ. ಆರಕ್ಕೆ ಕೇಪ್‌ಟೌನಿನ ಮ್ಯಾಚು ಶುರುವಾಗುತ್ತಿತ್ತು. ಹೋಗಲಿಲ್ಲ. ಭಾರತ 106 ರನ್ನಿನಿಂದ ಸೋತದ್ದನ್ನು ಕೊನೆಯ ವಿಕೆಟ್ಟಿನ ತನಕ ಕೂತು ನೋಡಿದೆ.

2008ರಲ್ಲಿ ಬೀಜಿಂಗ್‌ನಲ್ಲಿ ವಿಜೇಂದರ್ ಕಂಚು ಗೆದ್ದಾಗ ಟೀವಿ ಎಡೆಬಿಡದೆ ತೋರಿಸಿತು. ನಮ್ಮ ಶಾಖೆಯಲ್ಲಿ ಒಂದೇ ವಾರಕ್ಕೆ ಎಲ್ಲರೂ ಬಾಕ್ಸಿಂಗ್ ಪಂಡಿತರು. ಹುಕ್ ಅಂತೆ, ಜಾಬ್ ಅಂತೆ, ಅಪ್ಪರ್‌ಕಟ್ ಅಂತೆ. ಆ ಗುಂಪಿಗೆ ಕಾಫಿ ತಂದುಕೊಟ್ಟ ಮನುಷ್ಯನಿಗೆ ಎಲ್ಲ ಗೊತ್ತಿತ್ತು. ಒಬ್ಬರೂ ಕೇಳಲಿಲ್ಲ. ಆ ಹೊತ್ತಿಗೆ ಅವರನ್ನು 'ಟೈಸನ್' ಅನ್ನುವುದೂ ನಿಂತುಹೋಗಿತ್ತು. ಯಾವಾಗ ನಿಂತಿತು, ಯಾಕೆ ನಿಂತಿತು ಅಂತ ನಾನೂ ವಿಚಾರಿಸಲಿಲ್ಲ.

ಈಗ ಪರಿಸ್ಥಿತಿ ಇನ್ನೂ ಮುಂದೆ ಹೋಗಿದೆ. 2018ರ ಕೊನೆಗೆ ಸ್ಟಾರ್ ಸ್ಪೋರ್ಟ್ಸ್ ತೆಲುಗಿನಲ್ಲೂ ಬಂತು, ಕನ್ನಡದಲ್ಲೂ ಬಂತು. ಕನ್ನಡದಲ್ಲಿ ಕಬಡ್ಡಿ ವಿವರಣೆ ಮೊದಲ ಸಲ ಕೇಳಿದಾಗ ನನಗೆ ಕಣ್ಣು ತುಂಬಿದ್ದು ಸುಳ್ಳಲ್ಲ. ಆದರೆ ಒಂದು ವಾರ ಕೇಳಿದ ಮೇಲೆ ದಣಿವಾಯಿತು. ಉಸಿರು ಬಿಡೋದಿಲ್ಲ, ಪ್ರಾಸದ ಮೇಲೆ ಪ್ರಾಸ, 'ಗುರೂ' ಮೇಲೆ 'ಗುರೂ'. ಬೆಂಗಳೂರಿಗೂ ವಿಶಾಖಪಟ್ಟಣಕ್ಕೂ ಸಮಾನವಾದ ಸಂಬೋಧನೆ ಅದು. ಎರಡೂ ಕಡೆ ಸ್ನೇಹಿತನ ಹೆಗಲ ಮೇಲೆ ಕೈಹಾಕಿ ಆಡುವ ಮಾತು. ಟೀವಿಯಲ್ಲಿ ಅದಕ್ಕೆ ಹೆಗಲೇ ಇಲ್ಲ. ಕೂತಿರುವ ನಾಲ್ವರು ಒಬ್ಬರನ್ನೊಬ್ಬರು ಕಾಲೆಳೆದುಕೊಂಡು ತಾವೇ ನಗುತ್ತಾರೆ. ಆ ಕೆಲಸಕ್ಕೂ ಸಂಬಳ ಕೊಟ್ಟು ಜನ ಇಟ್ಟ ಹಾಗಾಯಿತು. ನೋಡುವವನಿಗೆ ಉಳಿಯೋದು ರಿಮೋಟು.

ಸಿನಿಮಾದವರೂ ಈ ವಿಷಯಕ್ಕೆ ಕೈಹಾಕಿದರು. ಸುಧಾ ಕೊಂಗರ ನಿರ್ದೇಶನದ 'ಗುರು' 2017ರಲ್ಲಿ ಬಂತು, ವೆಂಕಟೇಶ್ ನಾಯಕ. ಬೆಂಗಳೂರಿನಲ್ಲಿ ನೋಡಿದೆ. ಮುಂಗೋಪಿ ತರಬೇತುದಾರನನ್ನು ವಿಶಾಖಪಟ್ಟಣಕ್ಕೆ ಎತ್ತಿಹಾಕುತ್ತಾರೆ. ಅಲ್ಲಿ ತರಕಾರಿ ಮಾರುವ ಹುಡುಗಿಯೊಬ್ಬಳನ್ನು ಅವನು ಬಾಕ್ಸರ್ ಮಾಡುತ್ತಾನೆ. ಹುಡುಗಿಯ ಪಾತ್ರದ ರಿತಿಕಾ ಸಿಂಗ್ ನಿಜಜೀವನದಲ್ಲೂ ರಿಂಗಿಗೆ ಇಳಿದವರು, ಹೀಗಾಗಿ ಅವರು ಕೈ ಎತ್ತಿದಾಗ ನಂಬಿಕೆ ಬರುತ್ತದೆ. ಸಮುದ್ರ, ಇಕ್ಕಟ್ಟು ಮನೆ, ಅಕ್ಕತಂಗಿಯರ ಹೊಟ್ಟೆಕಿಚ್ಚು ಎಲ್ಲ ಚೆನ್ನಾಗಿದೆ. ನನ್ನ ತಕರಾರು ಹೆಸರಿಗೇ. ಏಟು ತಿನ್ನುವವಳು ಅವಳು, ಚಿತ್ರದ ಹೆಸರು ಅವನದು. ನಮ್ಮ ಅಟೆಂಡರಿಗೆ ಮಗಳ ಬಿರುದು ಅಂಟಿಸಿದವನಿಗೆ ಈ ತಕರಾರು ಎತ್ತುವ ಹಕ್ಕಿದೆಯೇ ಅಂತ ನೀವು ಕೇಳಬಹುದು. ಇಂಟರ್ವಲ್ಲಿನಲ್ಲಿ ನನಗೂ ಅದೇ ತಲೆಗೆ ಬಂತು.

ಮನೆಗೆ ಬಂದು ಹಳೇ ಡೈರಿಯಲ್ಲಿ ನಂಬರ್ ಹುಡುಕಿ ಅವರಿಗೆ ಫೋನ್ ಮಾಡಿದೆ. ನಿವೃತ್ತರಾಗಿದ್ದರು. ದನಿ ಗುರುತು ಹಿಡಿದು, "ಸಾರ್, ಬಾಗುನ್ನಾರಾ" ಅಂತ ಸಂಭ್ರಮಪಟ್ಟರು. ಸಿನಿಮಾ ನೋಡಿಲ್ಲವಂತೆ. ಮಗಳು ಮದುವೆಯಾಗಿ ಗಾಜುವಾಕದಲ್ಲಿದ್ದಾಳೆ, ಶಾಲೆಯೊಂದರಲ್ಲಿ ಡ್ರಿಲ್ ಟೀಚರ್. ಬಾಕ್ಸಿಂಗ್ 2007ಕ್ಕೇ ಬಿಟ್ಟಳಂತೆ. ಆಗ ಒಲಿಂಪಿಕ್ಸಿನಲ್ಲಿ ಹೆಂಗಸರ ಬಾಕ್ಸಿಂಗ್ ಇರಲಿಲ್ಲವಲ್ಲ ಸಾರ್, ಯಾವುದಕ್ಕೆ ಅಂತ ಆಡಿಸೋದು ಅಂದರು. ಅದು ಬಂದದ್ದು 2012ರಲ್ಲಿ, ಲಂಡನ್ನಿನಲ್ಲಿ. ಅಷ್ಟರಲ್ಲಿ ಇವಳ ಕೈಯಲ್ಲಿ ಕೂಸು.

ಕೊನೆಗೆ ಧೈರ್ಯ ಮಾಡಿ ಕೇಳಿದೆ, ಆ ಭಾನುವಾರ ನೀವು ಕರೆದಿದ್ದಿರಲ್ಲ, ನಾನು ಬರಲಿಲ್ಲ, ಆ ಪಂದ್ಯ ಏನಾಯಿತು?

ಅವರು ಒಂದು ಕ್ಷಣ ಸುಮ್ಮನಿದ್ದರು. ನೆನಪು ಮಾಡಿಕೊಳ್ಳುತ್ತಿದ್ದಾರೆ ಅಂದುಕೊಂಡೆ.

"ಗೆಲಿಚಿಂದಿ ಸಾರ್. ಅಪ್ಪುಡೇ ಚೆಪ್ಪಾನು ಕದಾ."

ಗೆದ್ದಳು ಸಾರ್, ಆಗಲೇ ಹೇಳಿದ್ದೆನಲ್ಲ, ಅಂತ. ಸೋಮವಾರ ಬೆಳಿಗ್ಗೆ ಸ್ಟ್ರಾಂಗ್ ರೂಮ್ ಬಾಗಿಲಲ್ಲೇ ಹೇಳಿದರಂತೆ. ನಾನೂ ಕ್ಯಾಷಿಯರೂ ಕೇಪ್‌ಟೌನಿನ ಮ್ಯಾಚಿನ ಬಗ್ಗೆ ಮಾತಾಡುತ್ತಾ ನಿಂತಿದ್ದೆವಂತೆ.